40ಬ ಅಂದರೆ ನಲವತ್ತು ಬಾಕ್ಸ್ ಅಲ್ಲ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. ತೂಕ ಬದಲಾಗುವುದಿಲ್ಲ, ಬೆಲೆ ಮಾತ್ರ ದಿನಕ್ಕೊಂದು. ನಮ್ಮ ಲೆಕ್ಕದಲ್ಲಿ 15 ಸ್ಥಿರಾಂಕ. ಬೆಲೆಗೆ ಒಂದು ಚರಾಕ್ಷರ ಬೇಕು. ಅದನ್ನು ‘ಬ’ ಅನ್ನೋಣ. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ಆದರೆ ಅದೇ ಆಗಬೇಕೆಂದೇನಿಲ್ಲ. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲೇ ಯಾ, ಕಾ, ನೀ ಅಂತ ಬರೆದು ಲೆಕ್ಕ ಬಿಡಿಸುತ್ತಿದ್ದರು.

ಈಗ ಎಡವುವ ಜಾಗ. 40 ಬಾಕ್ಸ್ ಮಾರಿದರೆ ಸಿಗುವ ಹಣ 40 × ಬ, ಚಿಕ್ಕದಾಗಿ 40ಬ. ಇದನ್ನು ‘ನಲವತ್ತು ಬಾಕ್ಸ್’ ಅಂತ ಓದಿದಿರೋ, ಮುಂದಿನದೆಲ್ಲ ಕೆಟ್ಟಿತು. ‘ಬ’ ಬಾಕ್ಸೂ ಅಲ್ಲ, ಟೊಮೆಟೊವೂ ಅಲ್ಲ. ಒಂದು ಬಾಕ್ಸಿಗೆ ಎಷ್ಟು ರೂಪಾಯಿಯೋ ಆ ಸಂಖ್ಯೆ. ಅಕ್ಷರದ ಜಾಗದಲ್ಲಿ ಯಾವಾಗಲೂ ಸಂಖ್ಯೆಯೇ ಕೂರುವುದು, ವಸ್ತುವಲ್ಲ.

ಟೆಂಪೊ ಬಾಡಿಗೆ, ಹಮಾಲಿ ಸೇರಿ 600 ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. ಕೈಗೆ ಬರುವುದು 40ಬ − 600. ಇದು ಬೀಜೋಕ್ತಿ, ಅಂದರೆ ಅಕ್ಷರ, ಸಂಖ್ಯೆ ಸೇರಿಸಿ ಬರೆದ ಮೊತ್ತ. ‘ಇದರ ಉತ್ತರ ಎಷ್ಟು?’ ಅಂತ ಕೇಳಿದರೆ ಉತ್ತರವೇ ಇಲ್ಲ, ಏಕೆಂದರೆ ಅದು ಯಾವ ಪ್ರಶ್ನೆಯನ್ನೂ ಕೇಳುತ್ತಿಲ್ಲ. ಬೆಲೆ 250 ಆದರೆ 9,400. 80ಕ್ಕೆ ಕುಸಿದರೆ 2,600. ಬೆಲೆ 15 ರೂಪಾಯಿ ಆದ ದಿನ ಸೊನ್ನೆ. ಅದಕ್ಕೂ ಕೆಳಗೆ ಇಳಿದರೆ ಋಣ ಸಂಖ್ಯೆ. ಅದೇನೆಂದು ರೈತರ ಮನೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಅಪ್ಪ 11,400 ತಂದರು, ಬಾಕ್ಸ್ ಎಷ್ಟಕ್ಕೆ ಹೋಯಿತು? ಈಗ ಸಮೀಕರಣ ಹುಟ್ಟಿತು:

40ಬ − 600 = 11,400

ಎರಡೂ ಕಡೆ 600 ಕೂಡಿ: 40ಬ = 12,000. ಎರಡೂ ಕಡೆ 40ರಿಂದ ಭಾಗಿಸಿ: ಬ = 300. ‘ಆ ಕಡೆ ಹೋದರೆ ಮೈನಸ್ ಪ್ಲಸ್ ಆಗುತ್ತೆ’ ಅಂತ ಬಾಯಿಪಾಠ ಮಾಡಿಸುವ ಪಕ್ಷಾಂತರ ಇದೇ. ಚಿಹ್ನೆ ತಾನಾಗಿ ಬದಲಾಗುವುದಿಲ್ಲ. ಎರಡೂ ಕಡೆ ಒಂದೇ ಕೆಲಸ ಮಾಡಿದ್ದರ ಫಲ ಅದು.

ತಾಳೆ ನೋಡುವಾಗ ಹಲವರು ಹೀಗೆ ಬರೆಯುತ್ತಾರೆ: 40 × 300 = 12,000 − 600 = 11,400. ಉತ್ತರ ಸರಿ, ಬರೆದದ್ದು ಸುಳ್ಳು. 40 × 300 ಎಲ್ಲಿ, 11,400 ಎಲ್ಲಿ! ಸಮ ಚಿಹ್ನೆ ಅಂದರೆ ‘ಮುಂದೆ ಉತ್ತರ ಬರುತ್ತದೆ’ ಅಂತಲ್ಲ, ಎಡಭಾಗವೂ ಬಲಭಾಗವೂ ಒಂದೇ ಬೆಲೆಯವು ಅಂತ. ಎರಡು ಸಾಲಾಗಿ ಒಡೆದು ಬರೆಯಿರಿ.

ಇನ್ನು ಶೇ 10 ಕಮಿಷನ್ ಮುರಿದುಕೊಂಡರೆ? 40ಬ − 4ಬ − 600. ಸಜಾತಿ ಪದಗಳು, ಅಂದರೆ ‘ಬ’ ಇರುವ ಎರಡೂ, ಸೇರಿ 36ಬ − 600 ಆಗುತ್ತದೆ, ಅಲ್ಲಿಗೆ ನಿಲ್ಲಬೇಕು. 36ರಿಂದ 600 ಕಳೆಯಲು ಹೋಗಬೇಡಿ. ಒಂದರ ಜೊತೆ ‘ಬ’ ಇದೆ, ಇನ್ನೊಂದರ ಜೊತೆ ಇಲ್ಲ. ಈ ಲೆಕ್ಕದಲ್ಲಿ ಕೈಗೆ 8,400 ಬಂದಿದ್ದರೆ ಬಾಕ್ಸಿನ ಬೆಲೆ ಎಷ್ಟು, ನೀವೇ ಬಿಡಿಸಿ ತಾಳೆ ನೋಡಿ.