ಬೆಲೆ ಏರಿದೆ, ವ್ಯಾಪಾರ ಬಿದ್ದಿದೆ: ಆರ್‌ಬಿಐ ಬಡ್ಡಿ ಇಳಿಸಬಾರದೇಕೆ?

ಓದುಗರ ಪ್ರಶ್ನೆ: ಬಡ್ಡಿ ಏರಿಸಿದರೆ ಟೊಮೆಟೊ ಅಗ್ಗವಾಗುತ್ತದೆಯೇ? ಇಲ್ಲ ಎಂದಾದರೆ ವ್ಯಾಪಾರ ಕುಸಿದಿರುವ ಹೊತ್ತಿನಲ್ಲಿ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿ ಜನರ ಇಎಂಐ ಭಾರವನ್ನಾದರೂ ತಗ್ಗಿಸಬಾರದೇ?

ತರಕಾರಿ ದುಬಾರಿಯಾದಾಗಲೆಲ್ಲ ಈ ಪ್ರಶ್ನೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಬರುತ್ತದೆ. ನಾಲ್ಕು ಸಾಲಿನ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

2024ರ ಕೊನೆಯ ತಿಂಗಳುಗಳನ್ನೇ ತೆಗೆದುಕೊಳ್ಳೋಣ. ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 6.21ಕ್ಕೆ ಏರಿತ್ತು. ತರಕಾರಿ ಬೆಲೆಯೊಂದೇ ವರ್ಷದ ಹಿಂದಿಗಿಂತ ಶೇ 42ರಷ್ಟು ಹೆಚ್ಚಿತ್ತು. ನವೆಂಬರ್ ಕೊನೆಗೆ ಜಿಡಿಪಿ ಅಂಕಿ ಬಂತು. ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಶೇ 7ರ ಬೆಳವಣಿಗೆಯನ್ನು ಆರ್‌ಬಿಐ ನಿರೀಕ್ಷಿಸಿತ್ತು, ಮೊದಲ ಅಂದಾಜಿನಲ್ಲಿ ಸಿಕ್ಕಿದ್ದು ಶೇ 5.4. ಬಡ್ಡಿ ಏರಿಸಿದರೆ ಮೊದಲೇ ಸೊರಗಿದ ವ್ಯಾಪಾರ ಇನ್ನಷ್ಟು ಸೊರಗುತ್ತದೆ, ಇಳಿಸಿದರೆ ಬೆಲೆ ಕೈಮೀರಬಹುದು.

ಡಿಸೆಂಬರ್ 6ರಂದು ಆರ್‌ಬಿಐನ ಹಣಕಾಸು ನೀತಿ ಸಮಿತಿ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡುವ ಬಡ್ಡಿ ದರವನ್ನು, ಶೇ 6.5ರಲ್ಲೇ ಉಳಿಸಿತು. ಆರು ಸದಸ್ಯರಲ್ಲಿ ಇಬ್ಬರು ಇಳಿಸಬೇಕೆಂದು ಮತ ಹಾಕಿದರು. ಅದೇ ದಿನ ನಗದು ಮೀಸಲು ಅನುಪಾತವನ್ನು, ಅಂದರೆ ಸಿಆರ್‌ಆರ್ ಅನ್ನು, ಶೇ 4.5ರಿಂದ 4ಕ್ಕೆ ಎರಡು ಕಂತಿನಲ್ಲಿ ಇಳಿಸುವ ಪ್ರಕಟಣೆಯೂ ಬಂತು. ನೀವು ಬ್ಯಾಂಕಿನಲ್ಲಿಟ್ಟ ಪ್ರತಿ 100 ರೂಪಾಯಿಯಲ್ಲಿ ನಾಲ್ಕೂವರೆ ರೂಪಾಯಿಯನ್ನು ಬ್ಯಾಂಕು ಬಡ್ಡಿಯಿಲ್ಲದೆ ಆರ್‌ಬಿಐ ಬಳಿ ಇಟ್ಟಿರಬೇಕಿತ್ತು, ಅದು ನಾಲ್ಕು ರೂಪಾಯಿ ಆಯಿತು. ಆ ಐವತ್ತು ಪೈಸೆಗಳ ಒಟ್ಟು ಮೊತ್ತ ಸುಮಾರು 1.16 ಲಕ್ಷ ಕೋಟಿ ರೂಪಾಯಿ. ರೂಪಾಯಿ ಕುಸಿಯದಿರಲೆಂದು ಆರ್‌ಬಿಐ ಡಾಲರ್ ಮಾರುತ್ತಿದ್ದ ಕಾಲವದು. ಡಾಲರ್ ಮಾರಿದಾಗ ಅಷ್ಟೇ ಮೌಲ್ಯದ ರೂಪಾಯಿ ಬ್ಯಾಂಕುಗಳಿಂದ ಆರ್‌ಬಿಐಗೆ ಹೋಗುತ್ತದೆ, ಸಾಲ ಕೊಡಲು ಹಣ ಬಿಗಿಯಾಗುತ್ತದೆ. ಆ ಬಿಗಿಯನ್ನು ಸಡಿಲಿಸಿದರು, ಸಾಲದ ದರವನ್ನು ಮುಟ್ಟಲಿಲ್ಲ.

ಈಗ ಟೊಮೆಟೊ ವಿಚಾರ. ‘ಬಡ್ಡಿಗೂ ತರಕಾರಿಗೂ ಸಂಬಂಧವೇ ಇಲ್ಲ, ಆದ್ದರಿಂದ ತರಕಾರಿ ಬೆಲೆ ನೋಡಿ ಬಡ್ಡಿ ಹಿಡಿದಿಡುವುದು ಅರ್ಥವಿಲ್ಲದ ಹಠ’ ಎಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿದೆ. ಇದರ ಮೊದಲರ್ಧ ಬಹುಮಟ್ಟಿಗೆ ನಿಜ, ಎರಡನೆಯ ಅರ್ಧ ತಪ್ಪು. ಮೊದಲರ್ಧ ನಿಜವಾಗಿರುವುದರಿಂದಲೇ ತಪ್ಪು ಇಷ್ಟು ಕಾಲ ಬದುಕಿದೆ.

ಕೋಲಾರದ ಮಾರುಕಟ್ಟೆಗೆ ಟೊಮೆಟೊ ಲೋಡ್ ಕಡಿಮೆಯಾಗುವುದು ಮಳೆ, ರೋಗ ಅಥವಾ ಹಿಂದಿನ ಬೆಳೆಯಲ್ಲಿ ರೈತ ಕೈಸುಟ್ಟುಕೊಂಡು ನಾಟಿ ಕಡಿಮೆ ಮಾಡಿದ್ದರಿಂದ. ರೆಪೊ ದರ ಅಲ್ಲಿ ಏನೂ ಮಾಡಲಾರದು. ಸಸಿ ನೆಟ್ಟು ಎರಡು, ಎರಡೂವರೆ ತಿಂಗಳಿಗೆ ಕೊಯ್ಲು ಶುರುವಾಗುತ್ತದೆ. ರೆಪೊ ಬದಲಾವಣೆ ಬೆಲೆಗಳ ಮೇಲೆ ಪೂರ್ತಿ ಪರಿಣಾಮ ಬೀರಲು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಹಲವು ಬೆಳೆ ಬಂದು ಹೋಗಿರುತ್ತವೆ. ಇದು ಆರ್‌ಬಿಐಗೂ ಗೊತ್ತು, ಅದಕ್ಕೇ ತರಕಾರಿ ಬೆಲೆ ಶೇ 42ರಷ್ಟು ಏರಿದಾಗಲೂ ಅದು ಬಡ್ಡಿ ಏರಿಸಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನರ ನೆನಪಿನಲ್ಲಿ ನಿಲ್ಲುವುದಿಲ್ಲ.

ಹಾಗಿದ್ದರೆ ಇಳಿಸಲಿಲ್ಲವೇಕೆ? ತರಕಾರಿ ಬೆಲೆ ತರಕಾರಿಯಲ್ಲೇ ನಿಲ್ಲದಿರಬಹುದು ಎಂಬ ಕಾರಣಕ್ಕೆ. ಈರುಳ್ಳಿ, ಟೊಮೆಟೊ, ಎಣ್ಣೆ ಮೂರೂ ಏರಿದರೆ ದರ್ಶಿನಿಯವರು ಊಟಕ್ಕೆ ಹತ್ತು ರೂಪಾಯಿ ಸೇರಿಸುತ್ತಾರೆ. ಮುಂದಿನ ತಿಂಗಳು ಟೊಮೆಟೊ ಇಳಿಯುತ್ತದೆ, ಊಟದ ದರದ ಬೋರ್ಡ್ ಇಳಿಯುವುದಿಲ್ಲ. ಊಟಕ್ಕೆ ಹೆಚ್ಚು ಕೊಟ್ಟವನು ಕೂಲಿ ಹೆಚ್ಚು ಕೇಳುತ್ತಾನೆ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದಾಗ ಮನೆ ಮಾಲೀಕರೂ ಇದನ್ನೇ ಲೆಕ್ಕ ಹಾಕುತ್ತಾರೆ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆ ನೇರವಾಗಿ ಬೆಲೆ ಸೂಚ್ಯಂಕಕ್ಕೇ ಕಟ್ಟಿಕೊಂಡಿದೆ. ಹೀಗೆ ಕೂಲಿ, ಬಾಡಿಗೆ, ಶಾಲೆ ಫೀಸಿಗೆ ಹತ್ತಿದ ಏರಿಕೆಗೂ ಬಡ್ಡಿಗೂ ಸಂಬಂಧ ಚೆನ್ನಾಗಿಯೇ ಇದೆ. ಅಂಗಡಿಗೆ ಗಿರಾಕಿ ಹೆಚ್ಚಿದ್ದರೆ ಏರಿಸಿದ ದರ ನಿಲ್ಲುತ್ತದೆ, ಕಡಿಮೆ ಇದ್ದರೆ ಏರಿಸಲು ಧೈರ್ಯ ಬರುವುದಿಲ್ಲ. ಸಾಲ ಅಗ್ಗವೋ ದುಬಾರಿಯೋ ಎಂಬುದು ಗಿರಾಕಿಯ ಕೈಯಲ್ಲಿರುವ ಹಣವನ್ನು ಬದಲಿಸುತ್ತದೆ.

ಅದಕ್ಕೇ ಆರ್‌ಬಿಐ ಎರಡು ಅಂಕಿಗಳನ್ನು ಬಿಡದೆ ನೋಡುತ್ತದೆ. ಒಂದು, ಆಹಾರ ಮತ್ತು ಇಂಧನ ಬಿಟ್ಟು ಉಳಿದವುಗಳ ಹಣದುಬ್ಬರ. 2024ರ ಅಕ್ಟೋಬರ್‌ನಲ್ಲಿ ಅದು ಶೇ 4ಕ್ಕಿಂತ ಕೆಳಗಿತ್ತು, ಏರಿಕೆ ಇನ್ನೂ ಹಬ್ಬಿರಲಿಲ್ಲ. ಇನ್ನೊಂದು, ಮುಂದೆ ಬೆಲೆ ಎಷ್ಟಾಗಬಹುದೆಂದು ಬೆಂಗಳೂರೂ ಸೇರಿ 19 ನಗರಗಳ ಮನೆಗಳಲ್ಲಿ ಕೇಳುವ ಸಮೀಕ್ಷೆ. ಜನ ಹೇಳುವ ಅಂಕಿ ಅಧಿಕೃತ ಹಣದುಬ್ಬರಕ್ಕಿಂತ ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ಆ ಅಂಕಿ ಸಮೀಕ್ಷೆಯಿಂದ ಸಮೀಕ್ಷೆಗೆ ಏರುತ್ತಾ ಹೋದರೆ ಆಗ ಎಚ್ಚರಿಕೆ. ‘ಆಹಾರವನ್ನು ಲೆಕ್ಕದಿಂದಲೇ ತೆಗೆಯಿರಿ’ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಆಗಿನ ಸೂಚ್ಯಂಕದಲ್ಲಿ ಆಹಾರದ ತೂಕ ಶೇ 45.86 ಇತ್ತು. ಸಂಸಾರದ ಖರ್ಚಿನಲ್ಲಿ ಅರ್ಧದ ಹತ್ತಿರ ಇರುವುದನ್ನು ಬಿಟ್ಟು ‘ಬೆಲೆ ಸ್ಥಿರವಾಗಿದೆ’ ಎಂದರೆ ಯಾರೂ ನಂಬುವುದಿಲ್ಲ. ಕೇಂದ್ರ ಬ್ಯಾಂಕಿನ ಮಾತನ್ನು ಜನ ನಂಬದಿದ್ದರೆ ಅದರ ದರಕ್ಕೂ ಬಲವಿರುವುದಿಲ್ಲ.

ಬೆಲೆ ಏರುತ್ತಿರುವಾಗ ಬಡ್ಡಿ ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಟರ್ಕಿಯನ್ನು ನೋಡಿ. 2021ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿನ ಕೇಂದ್ರ ಬ್ಯಾಂಕ್ ದರವನ್ನು ಶೇ 19ರಿಂದ 14ಕ್ಕೆ ಇಳಿಸಿತು. ಲಿರಾ ಕುಸಿಯಿತು, ಆಮದು ದುಬಾರಿಯಾಯಿತು, 2022ರ ಅಕ್ಟೋಬರ್‌ಗೆ ಹಣದುಬ್ಬರ ಶೇ 85 ದಾಟಿತು. ಕೊನೆಗೆ 2024ರ ಮಾರ್ಚ್‌ನಲ್ಲಿ ದರವನ್ನು ಶೇ 50ಕ್ಕೆ ಒಯ್ಯಬೇಕಾಯಿತು.

ನಮ್ಮಲ್ಲೂ ಎಲ್ಲ ಸಲ ಒಂದೇ ಉತ್ತರ ಬಂದಿಲ್ಲ. 2020ರಲ್ಲಿ ಲಾಕ್‌ಡೌನ್‌ನಿಂದ ಪೂರೈಕೆ ಕಡಿದು ಹಣದುಬ್ಬರ ಶೇ 6ರ ಮೇಲಿದ್ದರೂ ಆರ್‌ಬಿಐ ರೆಪೊವನ್ನು ಶೇ 4ಕ್ಕೆ ಇಳಿಸಿ ಅಲ್ಲೇ ಇಟ್ಟಿತು, ಏಕೆಂದರೆ ಬೇಡಿಕೆಯೇ ಸತ್ತಿತ್ತು. 2022ರಲ್ಲಿ ಯುಕ್ರೇನ್ ಯುದ್ಧದ ನಂತರ ಎಣ್ಣೆ, ಗೊಬ್ಬರ, ಗೋಧಿ ಎಲ್ಲ ಏರಿ, ಏರಿಕೆ ಉಳಿದ ಸರಕಿಗೂ ಹಬ್ಬಿದಾಗ ಮೇ ತಿಂಗಳಿಂದ ಮುಂದಿನ ಫೆಬ್ರವರಿಯೊಳಗೆ ಶೇ 4ರಿಂದ 6.5ಕ್ಕೆ ಏರಿಸಿತು. ಹಣದುಬ್ಬರಕ್ಕೆ ಸರ್ಕಾರ ಹಾಕಿದ ಶೇ 6ರ ಮೇಲ್ಮಿತಿಯನ್ನು ಮೂರು ತ್ರೈಮಾಸಿಕ ಸತತವಾಗಿ ಮೀರಿದ್ದಕ್ಕೆ ಕಾನೂನಿನ ಪ್ರಕಾರ ಸರ್ಕಾರಕ್ಕೆ ವಿವರಣೆಯನ್ನೂ ಕೊಡಬೇಕಾಯಿತು. 2024ರಲ್ಲಿ ಕಾದು ನೋಡಿತು. ಚಳಿಗಾಲದ ತರಕಾರಿ ಬಂದು ಬೆಲೆ ಇಳಿಯತೊಡಗಿದ ಮೇಲೆ, 2025ರ ಫೆಬ್ರವರಿ 7ರಂದು ಮೊದಲ ಇಳಿಕೆ ಬಂತು. ಡಿಸೆಂಬರ್ ಹೊತ್ತಿಗೆ ರೆಪೊ ಶೇ 5.25 ಆಗಿತ್ತು.

ಇಎಂಐ ಪ್ರಸ್ತಾಪ ಬಂದದ್ದರಿಂದ, ಯಾರೂ ಕೇಳದ ಒಂದು ಮಾತು. ರೆಪೊ ಇಳಿದ ಮಾತ್ರಕ್ಕೆ ನಿಮ್ಮ ಕಂತು ಇಳಿಯಬೇಕೆಂದಿಲ್ಲ. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಚರ ಬಡ್ಡಿಯ ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ, ಮೂರು ತಿಂಗಳೊಳಗೆ ಬದಲಾಗುತ್ತವೆ. ಅದಕ್ಕೂ ಹಳೆಯ ಎಂಸಿಎಲ್‌ಆರ್ ಸಾಲ, ಅಂದರೆ ಬ್ಯಾಂಕು ತನ್ನದೇ ಹಣದ ವೆಚ್ಚ ನೋಡಿ ಹಾಕುವ ದರಕ್ಕೆ ಜೋಡಿಸಿದ ಸಾಲ, ನಿಧಾನ, ಸಾಮಾನ್ಯವಾಗಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ನಿಮ್ಮದು ಯಾವುದೆಂದು ಮಂಜೂರಾತಿ ಪತ್ರದಲ್ಲಿರುತ್ತದೆ. ಹಳೆಯದಾಗಿದ್ದರೆ ಶುಲ್ಕ ಕೇಳಿಕೊಂಡು ಬದಲಿಸಿಕೊಳ್ಳಬಹುದು.

ದರ ಏರಿದಾಗ ಬಹಳಷ್ಟು ಬ್ಯಾಂಕುಗಳು ಕಂತು ಮುಟ್ಟದೆ ಅವಧಿ ಎಳೆದವು. 20 ವರ್ಷಕ್ಕೆ ಶೇ 7ರ ದರದಲ್ಲಿ 30 ಲಕ್ಷ ಸಾಲದ ಕಂತು 23,259 ರೂಪಾಯಿ. ಅಸಲು ಇನ್ನೂ ಅಷ್ಟೇ ಇರುವಾಗ ದರ ಶೇ 9.5 ಆದರೆ ತಿಂಗಳ ಬಡ್ಡಿಯೇ 23,750. ಕಂತು ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತದೆ. ಹೀಗಾಗದಂತೆ ನೋಡಿಕೊಳ್ಳಬೇಕು, ಕಂತು ಏರಿಸುವುದೋ ಅವಧಿ ಹೆಚ್ಚಿಸುವುದೋ ಎಂದು ಸಾಲಗಾರರನ್ನೇ ಕೇಳಬೇಕು ಎಂದು 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಸೂಚಿಸಿತು.

ದರ ಇಳಿದಾಗಲೂ ಆಯ್ಕೆ ಇದೆ. ಅದೇ 30 ಲಕ್ಷ, 20 ವರ್ಷ, ದರ ಶೇ 9ರಿಂದ 7.75ಕ್ಕೆ ಬಂತೆನ್ನಿ. ಕಂತು ಇಳಿಸಿಕೊಂಡರೆ 26,992 ಇದ್ದದ್ದು 24,628 ಆಗುತ್ತದೆ, ಪೂರ್ತಿ ಅವಧಿಗೆ ಉಳಿತಾಯ ಸುಮಾರು 5.7 ಲಕ್ಷ. ಹಳೆಯ ಕಂತನ್ನೇ ಕಟ್ಟುತ್ತಾ ಹೋದರೆ ಸಾಲ 43 ತಿಂಗಳು ಮೊದಲೇ ತೀರುತ್ತದೆ, ಉಳಿತಾಯ 11.7 ಲಕ್ಷದ ಹತ್ತಿರ. ಕೈ ಬಿಗಿ ಇಲ್ಲದಿದ್ದರೆ ಎರಡನೆಯದನ್ನೇ ಆರಿಸಿ. ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ಮುಂದಿನ ತಿಂಗಳ ಸಾಲದ ಸ್ಟೇಟ್‌ಮೆಂಟಿನಲ್ಲಿ ಉಳಿದ ಕಂತುಗಳ ಸಂಖ್ಯೆ ಇಳಿದಿದೆಯೇ ಎಂದು ನೋಡಿ.