ಎತ್ತರ ನಿಂತ ಮೇಲೂ ಗ್ರೋತ್ ಹಾರ್ಮೋನ್ ಯಾಕೆ?

ಗ್ರೋತ್ ಹಾರ್ಮೋನ್ ಅಂದ ತಕ್ಷಣ ನೆನಪಾಗುವುದು ಮಕ್ಕಳ ಎತ್ತರ, ಅಲ್ವಾ? ಆದರೆ ಬೆಳೆಯುವುದು ನಿಂತು ಎಷ್ಟೋ ವರ್ಷವಾದರೂ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಬಿಡುತ್ತಲೇ ಇರುತ್ತದೆ. ಒಂದೇ ಸಮನೆ ಅಲ್ಲ, ಅಲೆ ಅಲೆಯಾಗಿ. ದೊಡ್ಡ ಅಲೆ ಬರುವುದು ರಾತ್ರಿ, ಗಾಢ ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ. ಸುಮ್ನೆ ಬರುವುದಿಲ್ಲ. ಅದಕ್ಕಿರುವ ಕೆಲಸಗಳಲ್ಲಿ ಒಂದು, ಲಿವರ್‌ನಲ್ಲಿ ಕೊಬ್ಬು ಕೂರದಂತೆ ನೋಡಿಕೊಳ್ಳುವುದು.

ಸಕ್ಕರೆ ಜಾಸ್ತಿಯಾದಾಗ ಲಿವರ್ ಅದನ್ನೇ ಕೊಬ್ಬಾಗಿ ಮಾಡಿಬಿಡುತ್ತದೆ. ಇದಕ್ಕೆ ಕಡಿವಾಣ ಹಾಕುವುದು ಈ ಹಾರ್ಮೋನು. ಇಲಿಗಳ ಲಿವರ್‌ನಲ್ಲಿ ಮಾತ್ರ ಇದರ ರಿಸೆಪ್ಟರ್, ಅಂದರೆ ಹಾರ್ಮೋನಿನ ಸಂದೇಶ ಹಿಡಿಯುವ ಭಾಗ, ತೆಗೆದುಹಾಕಿ ನೋಡಿದ್ದಾರೆ. ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡಿತು.

ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಅಕ್ರೋಮೆಗಲಿ ಅನ್ನುವ ಕಾಯಿಲೆ. ಪಿಟ್ಯುಟರಿಯಲ್ಲಿ ಒಂದು ಸಣ್ಣ ಗಡ್ಡೆ ಬೆಳೆದು ಗ್ರೋತ್ ಹಾರ್ಮೋನ್ ವಿಪರೀತ ಸುರಿಯುತ್ತದೆ. ಬೆರಳು ದಪ್ಪಗಾಗಿ ಉಂಗುರ ಬಿಗಿಯಾಗುತ್ತದೆ, ವರ್ಷಗಟ್ಟಲೆ ಹಾಕಿದ ಚಪ್ಪಲಿಯ ಅಳತೆ ಸಾಲುವುದಿಲ್ಲ. ಸಕ್ಕರೆ ಇಳಿಸುವ ಇನ್ಸುಲಿನ್‌ನ ಮಾತನ್ನು ದೇಹ ಕೇಳದೆ ರಕ್ತದ ಸಕ್ಕರೆಯೂ ಏರುತ್ತದೆ. ಸಕ್ಕರೆ ಹೀಗಿರುವವರಿಗೆ ಸಾಮಾನ್ಯವಾಗಿ ಫ್ಯಾಟಿ ಲಿವರ್ ಇರಬೇಕಲ್ಲ? ಇವರ ಲಿವರ್‌ನಲ್ಲಿ ಕೊಬ್ಬು ಕಡಿಮೆಯೇ! ಗಡ್ಡೆ ತೆಗೆದ ಮೇಲೆ ಸಕ್ಕರೆ ಹತೋಟಿಗೆ ಬಂದರೂ ಲಿವರ್‌ನ ಕೊಬ್ಬು ಮಾತ್ರ ಸ್ವಲ್ಪ ಏರುತ್ತದೆ.

ಹೊಟ್ಟೆಯೊಳಗೆ ಬೊಜ್ಜು ಜಾಸ್ತಿ ಇರುವವರಲ್ಲಿ ಇದರ ಉಲ್ಟಾ. ಬೊಜ್ಜು ಏರಿದಷ್ಟೂ ಆ ರಾತ್ರಿಯ ಅಲೆ ಚಿಕ್ಕದಾಗುತ್ತದೆ. ಅಲೆ ಚಿಕ್ಕದಾದರೆ ಬೊಜ್ಜು ಕರಗುವುದು ಕಷ್ಟ. ಯಾವುದು ಮೊದಲು ಅಂತ ಕೇಳಿದರೆ ಮರವೋ ಬೀಜವೋ ಅನ್ನುವ ಹಾಗೆ.

ಹಾಗಾದರೆ ಹಾರ್ಮೋನ್ ಇಂಜೆಕ್ಷನ್ ತಗೊಂಡರೆ ಆಯ್ತಲ್ಲ ಅಂತ ಜಿಮ್‌ಗಳಲ್ಲಿ ಹೇಳುವವರು ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಸಕ್ಕರೆ ಏರುವುದು, ಕೈಕಾಲು ಊದುವುದು, ಕೀಲು ನೋವು, ಇವೆಲ್ಲ ಅದರ ಜೊತೆಗೇ ಬರುತ್ತವೆ.

ಇದಕ್ಕಿಂತ ಜಾಣತನದ ದಾರಿ ಟೆಸಮೊರೆಲಿನ್ ಅನ್ನುವ ಔಷಧಿಯದ್ದು. ಇದು ಹಾರ್ಮೋನನ್ನು ಹೊರಗಿನಿಂದ ತುಂಬುವುದಿಲ್ಲ, ನೀನೇ ಬಿಡು ಅಂತ ಪಿಟ್ಯುಟರಿಯನ್ನು ತಟ್ಟುತ್ತದೆ. ಎಚ್‌ಐವಿ ಇರುವವರ ಹೊಟ್ಟೆಯ ಬೊಜ್ಜಿಗಾಗಿ 2010ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಚ್‌ಐವಿ ಜೊತೆ ಫ್ಯಾಟಿ ಲಿವರ್ ಕೂಡ ಇದ್ದ 61 ಜನರನ್ನು ಒಂದು ವರ್ಷ ನೋಡಿದರು. ಔಷಧಿ ಪಡೆದವರಲ್ಲಿ ಶೇ. 35ರಷ್ಟು ಮಂದಿಯ ಲಿವರ್ ಕೊಬ್ಬು ಶೇ. 5ಕ್ಕಿಂತ ಕೆಳಗಿಳಿಯಿತು. ಹೋಲಿಸಿ ನೋಡಲು ಬರೀ ಹುಸಿ ಔಷಧಿ (ಪ್ಲಸೀಬೊ) ಪಡೆದವರಲ್ಲಿ ಹಾಗಾದದ್ದು ಶೇ. 4 ಮಂದಿಗೆ.