ಬಾದಾಮಿ ಸ್ಟೇಷನ್ ಊರು ಬಿಟ್ಟು ಅಷ್ಟು ದೂರ ಯಾಕೆ?

ಪ್ರಶ್ನೆ: ಬಾದಾಮಿ ರೈಲ್ವೆ ಸ್ಟೇಷನ್ ಮೊದಲು ಊರೊಳಗೇ ಇತ್ತಂತೆ, ಆಮೇಲೆ ಹೊರಗೆ ಸಾಗಿಸಿದರಂತೆ. ಹೌದಾ?

ಇಲ್ಲ, ಅದು ಸುಮ್ನೆ ಹಬ್ಬಿದ ಮಾತು. 1884ರ ಸುಮಾರಿಗೆ ಗದಗ–ಹೊಟಗಿ (ಸೊಲ್ಲಾಪುರದ ಹತ್ತಿರದ ಊರು) ರೈಲು ಮಾರ್ಗ ಶುರುವಾದಾಗಿನಿಂದಲೂ ಸ್ಟೇಷನ್ ಊರಾಚೆಯೇ ಇದೆ. ಊರಿಗೂ ಅದಕ್ಕೂ ಸುಮಾರು 5 ಕಿ.ಮೀ. ಅಂತರ.

ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ಈ ಅನುಮಾನ ಬರೋದು ಸಹಜ ಬಿಡಿ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳೇ ಹೋದವು, ಮನೆಗಳು ನವನಗರಕ್ಕೆ ಎದ್ದು ಬಂದವು. ಊರೇ ಜಾಗ ಬದಲಿಸಿದ್ದನ್ನು ಕಂಡವರಿಗೆ ಸ್ಟೇಷನ್ ಯಾವ ಲೆಕ್ಕ?

ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲೆ ನಿಂತು ಒಮ್ಮೆ ಕೆಳಗೆ ನೋಡಿ. ಎರಡು ಕೆಂಪು ಗುಡ್ಡ, ನಡುವೆ ಅಗಸ್ತ್ಯ ತೀರ್ಥ, ಕೆರೆಯ ಬಾಯಿಗೆ ಒತ್ತಿಕೊಂಡ ಮನೆಗಳು. ಚಾಲುಕ್ಯರು ಇದನ್ನು ಆರಿಸಿದ್ದೇ ಶತ್ರು ಸುಲಭಕ್ಕೆ ನುಗ್ಗಬಾರದು ಅಂತ. ರೈಲಿಗೂ ಅದೇ ತೊಂದರೆ! ಅದಕ್ಕೆ ಕಡಿದಾದ ಏರು ಆಗುವುದಿಲ್ಲ, ಗಿಡ್ಡ ತಿರುವೂ ಆಗುವುದಿಲ್ಲ. ಕಲ್ಲು ಒಡೆದು ಊರೊಳಗೆ ತರುವುದಕ್ಕಿಂತ ಬಯಲಿನಲ್ಲಿ ಹಳಿ ಹಾಕುವುದು ಅಗ್ಗ.

ಅಷ್ಟಕ್ಕೂ ಈ ಮಾರ್ಗ ಬಾದಾಮಿಗಾಗಿ ಹಾಕಿದ್ದಲ್ಲ. 1876–78ರ ಬರದಲ್ಲಿ ಈ ಸೀಮೆ ನರಳಿ ಹೋಗಿತ್ತು. ಕಾಳು ಇದ್ದ ಕಡೆಯಿಂದ ತರೋಣ ಅಂದರೆ ಬಂಡಿ ಎಳೆಯುವ ಎತ್ತಿಗೇ ಮೇವಿಲ್ಲ, ನೀರಿಲ್ಲ. ಬರದ ಸೀಮೆಗೆ ರೈಲು ಬೇಕೆಂದು 1880ರ ಕ್ಷಾಮ ಆಯೋಗ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿಕೊಂಡಿತು. ಗದಗಿನ ಹತ್ತಿಯ ಆಸೆಯೂ ಇತ್ತು ಅನ್ನಿ.

ಆಗ ನಿಜವಾಗಿ ಜಾಗ ಬದಲಿಸಿದ್ದು ಜಿಲ್ಲಾ ಕಚೇರಿ. ಅದು ಇದ್ದದ್ದು ಕಲಾದಗಿಯಲ್ಲಿ, ಜಿಲ್ಲೆಯ ಹೆಸರೂ ಕಲಾದಗಿಯೇ. ಹಳಿ ಆ ಊರಿಗೆ ಹೋಗಲಿಲ್ಲ, ವಿಜಯಪುರಕ್ಕೆ ಹೋಯಿತು. 1885ರಲ್ಲಿ ಕಚೇರಿಯೂ ವಿಜಯಪುರಕ್ಕೆ ಹೊರಟಿತು. ಕಲಾದಗಿ ಈಗ ದಾಳಿಂಬೆ, ಚಿಕ್ಕು ತೋಟಗಳ ಊರು.

ಬಾದಾಮಿಯೊಂದೇ ಹೀಗೆ ಅಂತಲ್ಲ. ಅದೇ ಹಳಿಯ ಮೇಲೆ ‘ಗುಳೇದಗುಡ್ಡ ರೋಡ್’ ಇದೆ, ಬೆಳಗಾವಿ ಕಡೆ ‘ಗೋಕಾಕ ರೋಡ್’, ‘ಚಿಕ್ಕೋಡಿ ರೋಡ್’ ಇವೆ. ಹೆಸರಲ್ಲಿ ‘ರೋಡ್’ ಇದ್ದರೆ ಊರು ಇಲ್ಲಿಲ್ಲ, ಇಲ್ಲಿಂದ ರಸ್ತೆ ಹಿಡಿಯಿರಿ ಅಂತ ಅರ್ಥ. ಅಲ್ಲಿನ ಖಣ (ರವಿಕೆ ಬಟ್ಟೆ) ಕೊಳ್ಳಲು ಮೊದಲ ಸಲ ಹೋದವರು ‘ಗುಳೇದಗುಡ್ಡ ಬಂತು’ ಅಂತ ಇಳಿದು ಸುತ್ತ ಬರೀ ಹೊಲ ನೋಡಿ ತಬ್ಬಿಬ್ಬಾಗುವುದುಂಟು. ಬಾದಾಮಿಗೆ ಆ ಬಾಲ ಅಂಟಿಸಲಿಲ್ಲ, ಹಾಗಾಗಿ ಮೋಸ ಜಾಸ್ತಿ.

ಬೆಳಗಿನ ಜಾವ ಗೋಲಗುಮ್ಮಟ ಎಕ್ಸ್‌ಪ್ರೆಸ್‌ನಿಂದ ಇಳಿದರೆ ಹೊರಗೆ ಆಟೋದವರು ‘ಬನಶಂಕರಿಗಾ, ಊರಿಗಾ?’ ಅಂತ ಕೇಳುತ್ತಾರೆ. ಹಿಂದೆ ಇದೇ ಜಾಗದಲ್ಲಿ ಟಾಂಗಾ ನಿಲ್ಲುತ್ತಿದ್ದವು. ಬನಶಂಕರಿ ದೇವಿಯ ಬನದ ಹುಣ್ಣಿಮೆ ಜಾತ್ರೆಯ ಹೊತ್ತಿಗೆ ಹೋಗುವಿರಾದರೆ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.